ಕಟ್ಟಳೆಯ ತಪ್ಪು, ಹೊಳೆಗೆ ದಂಡ

ಭೀಮಾ ನದಿ ಇಂಡಿ, ಸಿಂದಗಿಗಳ ಬಡಗಣ ಅಂಚನ್ನು ಸವರಿಕೊಂಡು ಹರಿಯುತ್ತದೆ. ಡೋಣಿ ಬಸವನ ಬಾಗೇವಾಡಿ, ಮುದ್ದೇಬಿಹಾಳದ ಎರೆ ಹೊಲಗಳನ್ನು ದಾಟಿ ಕೃಷ್ಣೆಗೆ ಸೇರುತ್ತದೆ. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟೆ ಬಂದ ಮೇಲೆ ವಿಜಯಪುರ ಜಿಲ್ಲೆಯ ಈ ಭಾಗಕ್ಕೆ ಕಾಲುವೆ ಬಂತು, ಕಾಲುವೆಯ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಕಾರ್ಖಾನೆಗಳು ಬಂದವು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಅತಿ ಹೆಚ್ಚು ಮಾಲಿನ್ಯಕಾರಿ ಎಂದು ಗುರುತಿಸಿದ ಹದಿನೇಳು ಬಗೆಯ ಉದ್ಯಮಗಳಲ್ಲಿ ಸಕ್ಕರೆಯೂ ಇದೆ, ಡಿಸ್ಟಿಲರಿಯೂ ಇದೆ. ಇಲ್ಲಿನ ಯಾವುದೋ ಹಳ್ಳಕ್ಕೆ ಹೊಲಸು ನೀರು ಬಿಟ್ಟರೆಂದು ಕ್ರಿಮಿನಲ್ ದೂರು ದಾಖಲಾದರೆ ಅದು ಮೊದಲು ಹೋಗುವುದು ದೆಹಲಿಗಲ್ಲ, ಬೆಂಗಳೂರಿಗೂ ಅಲ್ಲ. ತಾಲೂಕು ಊರಿನ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ, ಅಂದರೆ ಜನ ಜೆಎಂಎಫ್‌ಸಿ ಎಂದು ಕರೆಯುವ ಕೋರ್ಟಿಗೆ. ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಕಾಯ್ದೆ 1974ರ 49ನೇ ಕಲಂ ಹಾಗೆ ವಿಧಿಸಿದೆ. ಈ ಕಾಯ್ದೆಯನ್ನು ಮೊದಲ ದಿನದಿಂದಲೇ ಒಪ್ಪಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನಮ್ಮ ರಾಜ್ಯದ ಮಂಡಳಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸ್ಥಾಪನೆಯಾಯಿತು. ಐದು ದಶಕ ಕಳೆದರೂ ಇಂಥ ಮೊಕದ್ದಮೆಗಳಲ್ಲಿ ನೀರು ಕೆಟ್ಟಿತೋ ಇಲ್ಲವೋ, ಕೆಡಿಸಿದವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಅಪರೂಪ. ಅದಕ್ಕೆ ಮುಂಚೆಯೇ ಯಾವುದೋ ಕಟ್ಟಳೆಯ ಪ್ರಶ್ನೆಯಲ್ಲಿ ಮೊಕದ್ದಮೆ ಸಿಕ್ಕಿಕೊಳ್ಳುತ್ತದೆ. ಆ ಕಟ್ಟಳೆಗಳನ್ನೆಲ್ಲ ಒಂದೇ ತೂಕದಲ್ಲಿ ನೋಡಿದ್ದು ನ್ಯಾಯಾಲಯಗಳ ದೊಡ್ಡ ತಪ್ಪು ಎಂದು ನಾನು ತಿಳಿದಿದ್ದೇನೆ. ಸತ್ಯವನ್ನು ಕಾಯುವ ಕಟ್ಟಳೆಗಳಿವೆ, ಬರೀ ಕಾಗದವನ್ನು ಕಾಯುವ ಕಟ್ಟಳೆಗಳೂ ಇವೆ. ಮೊದಲನೆಯದನ್ನು ಸಡಿಲ ಬಿಟ್ಟು ಎರಡನೆಯದನ್ನು ಬಿಗಿ ಹಿಡಿದರೆ ನಷ್ಟ ಹೊಳೆಗೆ.

ಕರ್ನಾಟಕದ್ದೇ ಒಂದು ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. ಊರಿನ ಕೊಳಚೆಯನ್ನು ಶುದ್ಧೀಕರಿಸದೆ ಹರಿಯಬಿಟ್ಟರೆಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನಗರ ಸ್ಥಳೀಯ ಸಂಸ್ಥೆಗಳ ಅಧಿಕಾರಿಗಳ ಮೇಲೆ ದೂರು ಹೂಡಿತ್ತು. ಕಾಯ್ದೆಯ 48ನೇ ಕಲಂ ಸರ್ಕಾರಿ ಇಲಾಖೆ ಅಪರಾಧ ಮಾಡಿದರೆ ಇಲಾಖೆಯ ಮುಖ್ಯಸ್ಥನನ್ನು ಹೊಣೆ ಮಾಡುತ್ತದೆ. 47ನೇ ಕಲಂ ಕಂಪನಿ ಅಪರಾಧ ಮಾಡಿದರೆ ಅದರ ವ್ಯವಹಾರ ನಡೆಸುವವರನ್ನು ಹೊಣೆ ಮಾಡುತ್ತದೆ. ನಗರಸಭೆ ಸರ್ಕಾರಿ ಇಲಾಖೆಯಲ್ಲ, ಆದ್ದರಿಂದ 48ನೇ ಕಲಂ ಅನ್ವಯಿಸದು ಎಂದು ಹೈಕೋರ್ಟ್ ದೂರನ್ನೇ ರದ್ದು ಮಾಡಿತು. ಆ ಮಾತಿನ ಮೊದಲರ್ಧ ಸರಿಯೇ ಇತ್ತು. ಆದರೆ 47ನೇ ಕಲಮಿನ ವಿವರಣೆಯಲ್ಲಿ ಕಂಪನಿ ಎಂದರೆ ಯಾವುದೇ ನಿಗಮಿತ ಸಂಸ್ಥೆ ಎಂದು ಬರೆದಿದೆ. ಕರ್ನಾಟಕದ ಪುರಸಭೆ ಕಾನೂನಿನ ಪ್ರಕಾರ ಪುರಸಭೆಯೂ ನಗರಸಭೆಯೂ ನಿಗಮಿತ ಸಂಸ್ಥೆಗಳೇ. ಹೀಗಾಗಿ 48 ಅನ್ವಯಿಸದಿದ್ದರೆ 47 ಇದ್ದೇ ಇದೆ, ದೂರು ರದ್ದು ಮಾಡಿದ್ದು ತಪ್ಪು ಎಂದು ಸುಪ್ರೀಂ ಕೋರ್ಟ್ 2019ರ ನವೆಂಬರಿನಲ್ಲಿ ಹೇಳಿತು. ಅದಕ್ಕೂ ಮೊದಲು, 2015ರಲ್ಲಿ, ಇನ್ನೊಂದು ಕರ್ನಾಟಕದ ಪ್ರಕರಣ ಅದೇ ನ್ಯಾಯಾಲಯಕ್ಕೆ ಹೋಗಿತ್ತು. ಅಧಿಕಾರಿಗಳು ಸಾರ್ವಜನಿಕ ನೌಕರರು, ಅವರ ಮೇಲೆ ಮೊಕದ್ದಮೆ ನಡೆಸಲು ದಂಡ ಪ್ರಕ್ರಿಯಾ ಸಂಹಿತೆಯ 197ನೇ ಕಲಮಿನ ಪ್ರಕಾರ ಸರ್ಕಾರದ ಪೂರ್ವಾನುಮತಿ ಬೇಕು ಎಂಬುದು ಅಲ್ಲಿನ ವಾದ. ಜಲ ಕಾಯ್ದೆಯೇ ಹೊಣೆಗಾರರನ್ನು ಗೊತ್ತುಮಾಡಿ, ತನಗೆ ಗೊತ್ತಿರಲಿಲ್ಲ ಅಥವಾ ಎಲ್ಲ ಎಚ್ಚರ ವಹಿಸಿದ್ದೆ ಎಂದು ಸಾಧಿಸುವ ಅವಕಾಶವನ್ನೂ ಕೊಟ್ಟಿರುವಾಗ ಆ ಪೂರ್ವಾನುಮತಿ ಬೇಕಿಲ್ಲ ಎಂದು ತೀರ್ಮಾನವಾಯಿತು. ಎರಡೂ ಪ್ರಕರಣಗಳಲ್ಲಿ ಕೊನೆಗೆ ಬಂದ ಉತ್ತರ ಸರಿಯಾದದ್ದು. ಆದರೆ ಆ ಉತ್ತರ ಸಿಗುವ ತನಕ ಕೊಳಚೆಯ ಬಗ್ಗೆ ಒಬ್ಬ ಸಾಕ್ಷಿಯ ಮಾತನ್ನೂ ಯಾರೂ ಕೇಳಿರಲಿಲ್ಲ. ದೂರಿನಲ್ಲಿ ಹೇಳಿದ ಸಂಗತಿಗಳು ಅಪರಾಧವನ್ನು ತೋರಿಸುತ್ತವೆಯೇ ಎಂದು ನೋಡುವ ಬದಲು, ದೂರುದಾರ ಬರೆದ ಕಲಮಿನ ಸಂಖ್ಯೆ ಸರಿಯೇ ಎಂದು ನೋಡಿದ್ದೇ ಇದಕ್ಕೆ ಕಾರಣ. ಇಂಡಿಯ ಪುರಸಭೆಗೂ ಸಿಂದಗಿಯ ಪುರಸಭೆಗೂ ನಾಳೆ ಇದೇ ಪ್ರಶ್ನೆ ಬರಬಹುದು. ಉತ್ತರವಂತೂ ಈಗ ಸಿದ್ಧವಿದೆ.

ಇದು ನಮ್ಮ ರಾಜ್ಯಕ್ಕಷ್ಟೇ ಅಂಟಿದ ರೋಗವಲ್ಲ. ಉತ್ತರ ಪ್ರದೇಶದ ಮೋದಿನಗರದ ಡಿಸ್ಟಿಲರಿಯ ಮೇಲೆ 1980ರ ದಶಕದಲ್ಲಿ ಅಲ್ಲಿನ ಮಂಡಳಿ ದೂರು ಹೂಡಿದಾಗ ಆರೋಪಿಯ ಹೆಸರನ್ನು ಮೋದಿ ಡಿಸ್ಟಿಲರಿ ಎಂದು ಬರೆದಿತ್ತು. ಅದು ಮೋದಿ ಇಂಡಸ್ಟ್ರೀಸ್ ಲಿಮಿಟೆಡ್ ಎಂಬ ಕಂಪನಿಯ ಒಂದು ಘಟಕ. ಕಂಪನಿಯನ್ನೇ ಆರೋಪಿ ಮಾಡಿಲ್ಲ ಎಂದು ಅಲಹಾಬಾದ್ ಹೈಕೋರ್ಟ್ ಮೊಕದ್ದಮೆಯನ್ನು ರದ್ದು ಮಾಡಿತು. ಗಮನಿಸಬೇಕಾದ ಸಂಗತಿಯೆಂದರೆ, ಜವಾಬ್ದಾರಿ ಹೊತ್ತವರ ಹೆಸರು ಕೊಡಿ ಎಂದು ಮಂಡಳಿ ಮೊದಲೇ ಕೇಳಿತ್ತು, ಉದ್ಯಮ ಕೊಟ್ಟಿರಲಿಲ್ಲ. ಹೆಸರಿನ ಈ ದೋಷ ಸುಲಭವಾಗಿ ತಿದ್ದಬಹುದಾದ್ದು, ತಿದ್ದಿಸಿಕೊಂಡು ವಿಚಾರಣೆ ನಡೆಸಿ ಎಂದು 1987ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿಗೂ ಮುಗಿಯಲಿಲ್ಲ. ಅದೇ ಮೊಕದ್ದಮೆ ಮತ್ತೊಮ್ಮೆ ರದ್ದಾಗಿ, ಮತ್ತೊಮ್ಮೆ ದೆಹಲಿ ತಲುಪಿ, ಬಹಳ ವರ್ಷ ಕಳೆದಿವೆ ಎಂಬ ಕಾರಣಕ್ಕೆ ಆರೋಪಿಗಳನ್ನು ಬಿಡಲಾಗದು ಎಂಬ ಮಾತು 2008ರ ಡಿಸೆಂಬರಿನಲ್ಲಿ ಬಂತು. ಗೋಮತಿ ನದಿಗೆ ಹೊಲಸು ಬಿಟ್ಟರೆಂದು ಮೋಹನ್ ಮೀಕಿನ್ಸ್ ಕಂಪನಿಯ ಮೇಲೆ 1983ರಲ್ಲಿ ಹೂಡಿದ ದೂರಿನ ಕತೆಯೂ ಹೀಗೆಯೇ. ಸಮನ್ಸ್ ಹೊರಡಿಸುವಾಗ ಮ್ಯಾಜಿಸ್ಟ್ರೇಟರು ಕಾರಣಗಳನ್ನು ಬರೆದಿಲ್ಲ ಎಂದು ಸೆಷನ್ಸ್ ನ್ಯಾಯಾಲಯ ಆ ಆದೇಶವನ್ನು ತೆಗೆದುಹಾಕಿತು. ಸಮನ್ಸ್ ಆದೇಶಕ್ಕೆ ತೀರ್ಪಿನಂತೆ ವಿವರವಾದ ಕಾರಣ ಬರೆಯಬೇಕೆಂದು ಕಾನೂನಿನಲ್ಲಿ ಎಲ್ಲೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ 2000ದ ಮಾರ್ಚ್ ಬಂದಿತ್ತು. ಹದಿನೇಳು ವರ್ಷ ಕಳೆದ ಮೇಲೆ ವಿಚಾರಣೆ ಆರಂಭಿಸಿ ಎಂಬ ಆದೇಶ! ಅಷ್ಟರಲ್ಲಿ ಮಾದರಿ ತೆಗೆದ ಅಧಿಕಾರಿ ನಿವೃತ್ತಿಯಾಗಿರಬಹುದು, ಸಾಕ್ಷಿ ತೀರಿಹೋಗಿರಬಹುದು, ನೆನಪಂತೂ ಮಸುಕಾಗಿರುತ್ತದೆ.

ಆರೋಪಿಯ ಪರ ವಕೀಲರು ಇಲ್ಲಿ ಎತ್ತುವ ಆಕ್ಷೇಪ ಹಗುರವಾದದ್ದಲ್ಲ. ಇದು ಜೈಲಿಗೆ ಕಳಿಸುವ ಕಾನೂನು. 43 ಮತ್ತು 44ನೇ ಕಲಮುಗಳಲ್ಲಿ ಕನಿಷ್ಠ ಶಿಕ್ಷೆಯೇ ಒಂದೂವರೆ ವರ್ಷ, ಗರಿಷ್ಠ ಆರು ವರ್ಷ. ಅಂಥ ಕಡೆ ಅಕ್ಷರ ಅಕ್ಷರವೂ ಸರಿಯಿರಬೇಡವೇ? ಒಬ್ಬ ಮನುಷ್ಯನನ್ನು ಕ್ರಿಮಿನಲ್ ಕೋರ್ಟಿಗೆ ಕರೆಸುವುದು ಗಂಭೀರ ಸಂಗತಿ ಎಂದು ಪೆಪ್ಸಿ ಫುಡ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕಂಪನಿಯನ್ನು ಆರೋಪಿ ಮಾಡದೆ ಅದರ ನಿರ್ದೇಶಕರನ್ನು ಮಾತ್ರ ಹಿಡಿಯುವಂತಿಲ್ಲ ಎಂದು 2012ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅನೀತಾ ಹಾಡಾ ಪ್ರಕರಣದಲ್ಲಿ ತೀರ್ಮಾನಿಸಿತು. ಮೋದಿ ಡಿಸ್ಟಿಲರಿಯ ತೀರ್ಪು ಅದರದೇ ಸಂಗತಿಗಳಿಗೆ ಸೀಮಿತ ಎಂದೂ ಹೇಳಿತು. ಇದನ್ನು ನಾನು ಒಪ್ಪುತ್ತೇನೆ. ಕಂಪನಿಯ ಹೆಸರೇ ಇಲ್ಲದ ದೂರಿನಲ್ಲಿ ವ್ಯವಸ್ಥಾಪಕನೊಬ್ಬನನ್ನು ಸಿಕ್ಕಿಸುವುದು ಅನ್ಯಾಯ. ಆದರೆ ಆ ತೀರ್ಪು ದೂರನ್ನು ಎಸೆಯಿರಿ ಎಂದು ಎಲ್ಲ ನ್ಯಾಯಾಲಯಗಳಿಗೂ ಕೊಟ್ಟ ಅಪ್ಪಣೆಯಲ್ಲ. ಜಲ ಕಾಯ್ದೆಯ ಗಂಭೀರ ಅಪರಾಧಗಳಿಗೆ ಶಿಕ್ಷೆ ಮೂರು ವರ್ಷ ಮೀರುವುದರಿಂದ ಸಂಹಿತೆಯ 468ನೇ ಕಲಮಿನ ಕಾಲಮಿತಿ ಅಡ್ಡ ಬರುವುದಿಲ್ಲ. ಚೆಕ್ ಬೌನ್ಸ್ ಪ್ರಕರಣದಲ್ಲಿ ಗಡುವು ಮೀರಿದರೆ ಹೊಸ ದೂರಿಗೆ ದಾರಿ ಕಷ್ಟ. ಇಲ್ಲಿ ದಾರಿ ತೆರೆದೇ ಇರುತ್ತದೆ. ಹಾಗಿರುವಾಗ ದೋಷ ಕಂಡ ದಿನವೇ ತೋರಿಸಿ, ಕಂಪನಿಯನ್ನು ಸೇರಿಸಿ ಸರಿಯಾದ ದೂರು ತರಲು ಹೇಳುವುದು ಆರೋಪಿಗೂ ನ್ಯಾಯ, ದೂರುದಾರನಿಗೂ ನ್ಯಾಯ. ಸಂಹಿತೆಯೇ 465ನೇ ಕಲಮಿನಲ್ಲಿ ಒಂದು ಅಳತೆಗೋಲು ಕೊಟ್ಟಿದೆ: ಲೋಪದಿಂದ ನ್ಯಾಯ ಸೋತಿತೇ ಎಂದು ನೋಡಬೇಕು, ಆ ಆಕ್ಷೇಪವನ್ನು ಮೊದಲೇ ಎತ್ತಬಹುದಿತ್ತೇ ಎಂದೂ ನೋಡಬೇಕು. ಹತ್ತು ವಾಯಿದೆ ಸುಮ್ಮನಿದ್ದು ಹನ್ನೊಂದನೆಯದರಲ್ಲಿ ಹೆಸರಿನ ದೋಷ ಎತ್ತಿದವನಿಗೆ ಆ ಅಳತೆಗೋಲು ಹೆಚ್ಚು ನೆರವಾಗದು.

ಹಾಗಾದರೆ ಬಿಗಿ ಎಲ್ಲಿರಬೇಕು? 21ನೇ ಕಲಮಿನಲ್ಲಿ. ಹೊರಬಿಟ್ಟ ನೀರಿನ ಮಾದರಿ ತೆಗೆಯುವ ಅಧಿಕಾರಿ, ಇದನ್ನು ಪರೀಕ್ಷೆಗೆ ಕಳಿಸುತ್ತೇನೆ ಎಂದು ಅಲ್ಲೇ ಅಂದೇ ಕಾರ್ಖಾನೆಯವರಿಗೆ ನೋಟಿಸು ಕೊಡಬೇಕು. ಅವರ ಎದುರಿಗೆ ಮಾದರಿಯನ್ನು ಎರಡು ಭಾಗ ಮಾಡಬೇಕು, ಸೀಲು ಹಾಕಬೇಕು, ಇಬ್ಬರೂ ಸಹಿ ಮಾಡಬೇಕು. ಒಂದು ಭಾಗ ಮಂಡಳಿಯ ಪ್ರಯೋಗಾಲಯಕ್ಕೆ. ಕಾರ್ಖಾನೆಯವರು ಕೇಳಿದರೆ ಇನ್ನೊಂದು ಭಾಗ ಸರ್ಕಾರ ಗೊತ್ತುಮಾಡಿದ ಪ್ರಯೋಗಾಲಯಕ್ಕೆ. ಅವರು ಬೇಕೆಂದೇ ತಪ್ಪಿಸಿಕೊಂಡರೆ ಏನು ಮಾಡಬೇಕು ಎಂಬುದೂ ಅಲ್ಲೇ ಬರೆದಿದೆ. ಇದನ್ನು ಪಾಲಿಸದ ವರದಿಯನ್ನು ಸಾಕ್ಷ್ಯವಾಗಿ ಸ್ವೀಕರಿಸುವಂತಿಲ್ಲ. 1986ರ ಡೆಲ್ಲಿ ಬಾಟ್ಲಿಂಗ್ ಕಂಪನಿ ಪ್ರಕರಣದಲ್ಲಿ ಕಾಯ್ದೆ ಒಪ್ಪದ ಪ್ರಯೋಗಾಲಯದ ವರದಿಯನ್ನು ನೆಚ್ಚಿ ಮ್ಯಾಜಿಸ್ಟ್ರೇಟರು ಕೊಟ್ಟ ಆದೇಶವನ್ನು ದೆಹಲಿ ಹೈಕೋರ್ಟ್ ತೆಗೆದುಹಾಕಿತು. ಪರಿಸರದ ಬಗ್ಗೆ ಕಾಳಜಿಯಿರುವ ಹಲವರು ಆ ತೀರ್ಪನ್ನು ದೂರುತ್ತಾರೆ. ನಾನು ದೂರಲಾರೆ. ನೀರಿನ ಸಾಕ್ಷ್ಯ ಮಚ್ಚು ಕೊಡಲಿಯಂತೆ ಮಾಲ್‌ಖಾನೆಯಲ್ಲಿ ಬಿದ್ದಿರುವ ವಸ್ತುವಲ್ಲ. ಬಿಒಡಿ, ಅಂದರೆ ನೀರಿನೊಳಗಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಹೀರುವ ಆಮ್ಲಜನಕದ ಪ್ರಮಾಣವನ್ನು ನಮ್ಮಲ್ಲಿ 27 ಡಿಗ್ರಿ ಶಾಖದಲ್ಲಿ ಮೂರು ದಿನ ಇಟ್ಟು ಅಳೆಯುತ್ತಾರೆ. ಅದಕ್ಕೆ ಮೊದಲು ಮಾದರಿಯನ್ನು ತಂಪಿನಲ್ಲಿಟ್ಟು ಬೇಗ ಪ್ರಯೋಗಾಲಯ ಮುಟ್ಟಿಸದಿದ್ದರೆ ಸೀಸೆಯೊಳಗೇ ಅಂಕಿ ಬದಲಾಗುತ್ತದೆ. ಸಕ್ಕರೆ ಕಾರ್ಖಾನೆಗಳಿಗೆ 2016ರ ಅಧಿಸೂಚನೆ ಹಾಕಿದ ಮಿತಿ ನದಿ ಹಳ್ಳಕ್ಕೆ ಬಿಡುವ ನೀರಿನಲ್ಲಿ ಲೀಟರಿಗೆ 30 ಮಿಲಿಗ್ರಾಂ ಬಿಒಡಿ, ನೆಲಕ್ಕೆ ಬಿಡುವುದಾದರೆ 100. ಈ ಎರಡರ ನಡುವಿನ ಅಂತರದಲ್ಲಿ ಒಬ್ಬನ ಸೆರೆವಾಸ ನಿಂತಿರುವಾಗ ಮಾದರಿ ಎಲ್ಲಿ ತೆಗೆದದ್ದು, ಯಾರ ಕೈ ದಾಟಿ ಹೋಯಿತು, ಯಾವಾಗ ಪರೀಕ್ಷೆ ಶುರುವಾಯಿತು ಎಂದು ಕೇಳುವುದು ತಾಂತ್ರಿಕ ನೆಪವಲ್ಲ. ಸತ್ಯ ತಿಳಿಯಲು ಬೇರೆ ದಾರಿಯೇ ಇಲ್ಲ. ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಅದೇ ನೀರನ್ನು ಮತ್ತೆ ಪರೀಕ್ಷಿಸಲೂ ಆಗದು. ಕಾರ್ಖಾನೆಯ ಕೊಳವೆ ಒಣಗಿರುತ್ತದೆ.

ಆದರೆ ಇಲ್ಲಿಯೂ ಒಂದು ಎಡವಟ್ಟಿಗೆ ದಾರಿಯಿದೆ. ಮಂಡಳಿ ಸಾಮಾನ್ಯವಾಗಿ ಒಂದೇ ದೂರಿನಲ್ಲಿ ಎರಡು ಆರೋಪ ಹೊರಿಸುತ್ತದೆ. ಹೊಳೆ, ಹಳ್ಳ, ಬಾವಿಗೆ ವಿಷಕಾರಿ ನೀರು ಬಿಟ್ಟದ್ದು ಒಂದು, ಮಂಡಳಿಯ ಸಮ್ಮತಿಯಿಲ್ಲದೆ ಘಟಕ ನಡೆಸಿದ್ದು ಇನ್ನೊಂದು. ಮೊದಲನೆಯದಕ್ಕೆ ಮಾದರಿಯ ವರದಿ ಜೀವಾಳ. ಎರಡನೆಯದಕ್ಕೆ ಒಂದು ಹನಿ ನೀರಿನ ಪರೀಕ್ಷೆಯೂ ಬೇಡ. ಸಮ್ಮತಿ ಪತ್ರ ಇದೆಯೇ ಇಲ್ಲವೇ, ಅರ್ಜಿ ಹಾಕಿ ನಾಲ್ಕು ತಿಂಗಳು ಕಳೆದು 25ನೇ ಕಲಮಿನ ಪ್ರಕಾರ ತಾನಾಗಿ ಸಮ್ಮತಿ ಸಿಕ್ಕಿದಂತಾಯಿತೇ ಎಂಬುದನ್ನು ಕಡತವೇ ಹೇಳುತ್ತದೆ. ಮಾದರಿಯ ಸೀಲು ಸರಿಯಿಲ್ಲ ಎಂದು ಇಡೀ ದೂರನ್ನು ವಜಾ ಮಾಡಿದರೆ ಗಟ್ಟಿ ಸಾಕ್ಷ್ಯವಿದ್ದ ಎರಡನೆಯ ಆರೋಪವೂ ಕೊಚ್ಚಿಹೋಗುತ್ತದೆ. ಎರಡನ್ನೂ ಬೇರೆ ಬೇರೆ ತೂಗುವುದು ಕಷ್ಟದ ಕೆಲಸವಲ್ಲ, ಆದರೆ ಆ ಬೇರ್ಪಡಿಕೆ ಆರ್ಡರ್ ಶೀಟಿನಲ್ಲಿ ಮೊದಲ ದಿನವೇ ಬರಬೇಕು.

ವಿಚಾರಣೆಯ ಹಂತದಲ್ಲಿ ಆಗಬಹುದಾದ ತಪ್ಪುಗಳು ಹೆಚ್ಚು ಸದ್ದು ಮಾಡುವುದಿಲ್ಲ, ಆದರೆ ಅಷ್ಟೇ ಮಾರಕ. ಎರಡು ವರ್ಷ ಮೀರಿದ ಶಿಕ್ಷೆಯಿರುವ ಅಪರಾಧ ವಾರಂಟ್ ಪ್ರಕರಣ. ಆರು ವರ್ಷದ ಶಿಕ್ಷೆಯ ಜಲ ಮಾಲಿನ್ಯ ಪ್ರಕರಣ ಖಾಸಗಿ ದೂರಿನ ರೂಪದಲ್ಲಿ ಬಂದಾಗ ದೋಷಾರೋಪಕ್ಕೆ ಮೊದಲೇ ದೂರುದಾರನ ಸಾಕ್ಷ್ಯ ದಾಖಲಿಸಬೇಕು. ದಿನವೂ ಚೆಕ್ ಪ್ರಕರಣಗಳ ರಾಶಿ ನಡೆಸುವ ಕೋರ್ಟಿನಲ್ಲಿ ಇದನ್ನೂ ಸಮನ್ಸ್ ಪ್ರಕರಣದ ಸಾಲಿಗೆ ಸೇರಿಸಿ ನೇರವಾಗಿ ತಪ್ಪೊಪ್ಪುತ್ತೀರಾ ಎಂದು ಕೇಳಿಬಿಟ್ಟರೆ, ಶಿಕ್ಷೆಯಾದರೂ ಅದು ಮೇಲ್ಮನವಿಯಲ್ಲಿ ನಿಲ್ಲುವುದು ಕಷ್ಟ. ಮಂಡಳಿಯ ಅಧಿಕಾರಿ ಒಂದು ವಾಯಿದೆಗೆ ಬರಲಿಲ್ಲವೆಂದು ಆರೋಪಿಯನ್ನು ಖುಲಾಸೆ ಮಾಡುವ ಅಧಿಕಾರ ಸಮನ್ಸ್ ಪ್ರಕರಣದ್ದು. ವಾರಂಟ್ ಪ್ರಕರಣದಲ್ಲಿ ಗೈರುಹಾಜರಿಯ ಕಾರಣಕ್ಕೆ ಬಿಡುಗಡೆ ಮಾಡಲು ಅಪರಾಧ ರಾಜಿಯಾಗುವಂಥದ್ದೋ ಅಸಂಜ್ಞೇಯವೋ ಆಗಿರಬೇಕು. ಸಂಹಿತೆಯ ಅನುಸೂಚಿಯ ಪ್ರಕಾರ ಮೂರು ವರ್ಷ ಮತ್ತು ಅದಕ್ಕೂ ಮೀರಿದ ಶಿಕ್ಷೆಯ ಅಪರಾಧ ಹಾಗಲ್ಲ. ಶಿಕ್ಷೆಯ ಮಟ್ಟದ ವಿಷಯದಲ್ಲೂ ಒಂದು ಹಿಂಜರಿಕೆ ಉಂಟಾಗಬಹುದು: ಜೆಎಂಎಫ್‌ಸಿ ಮೂರು ವರ್ಷ ಮೀರಿ ಶಿಕ್ಷೆ ಕೊಡುವಂತಿಲ್ಲವಲ್ಲ ಎಂದು. ಅದನ್ನು ಊಹಿಸಿಯೇ 49ನೇ ಕಲಮಿನ ಮೂರನೇ ಉಪಕಲಂ ಆ ಮಿತಿಯನ್ನು ಈ ಕಾಯ್ದೆಯ ಮಟ್ಟಿಗೆ ತೆಗೆದಿದೆ. ಕಂಪನಿಯನ್ನು ಜೈಲಿಗೆ ಹಾಕಲಾಗದು, ಆದ್ದರಿಂದ ಕಡ್ಡಾಯ ಸೆರೆವಾಸವಿರುವ ಅಪರಾಧಕ್ಕೆ ಕಂಪನಿಯನ್ನು ವಿಚಾರಣೆಗೆ ಒಳಪಡಿಸಲೂ ಆಗದು ಎಂಬ ವಾದ ಒಂದು ಕಾಲಕ್ಕೆ ಗೆದ್ದಿತ್ತು. ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕ್ ಪ್ರಕರಣದಲ್ಲಿ ಸಂವಿಧಾನ ಪೀಠ 2005ರಲ್ಲಿ ಅದನ್ನು ತಳ್ಳಿಹಾಕಿತು. ಕಂಪನಿಗೆ ದಂಡ ಹಾಕಬಹುದು.

ತಪ್ಪೆಲ್ಲ ನ್ಯಾಯಾಲಯದ ತಲೆಗೇ ಏಕೆ, ಮಂಡಳಿಯೇ ಸರಿಯಾಗಿ ದೂರು ಬರೆಯುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಹೌದು, ಮೋದಿನಗರದ ಹೆಸರಿನ ಗೊಂದಲವೂ ನಮ್ಮ ನಗರಸಭೆ ಪ್ರಕರಣದ ಕಲಮಿನ ಗೊಂದಲವೂ ಹುಟ್ಟಿದ್ದು ಮಂಡಳಿಗಳ ಮೇಜಿನ ಮೇಲೆಯೇ. ಆದರೂ ಕ್ರಿಮಿನಲ್ ವಿಚಾರಣೆ ಇಬ್ಬರು ಖಾಸಗಿ ವ್ಯಕ್ತಿಗಳ ಆಸ್ತಿ ವ್ಯಾಜ್ಯವಲ್ಲ. ವಾದಿ ಸರಿಯಾಗಿ ವಾದಿಸದಿದ್ದರೆ ವಾದಿಗೆ ನಷ್ಟ ಎಂಬ ಲೆಕ್ಕ ಇಲ್ಲಿ ಕೂಡುವುದಿಲ್ಲ, ಏಕೆಂದರೆ ಮಂಡಳಿ ಸೋತರೆ ಸಂಬಳ ಕಡಿಮೆಯಾಗುವ ಅಧಿಕಾರಿ ಯಾರೂ ಇಲ್ಲ. ಬಾವಿಯ ನೀರು ಬಣ್ಣಗೆಟ್ಟು ನಿಂಬೆ ತೋಟ ಒಣಗಿಸಿಕೊಂಡ ರೈತ ಆ ಕೋರ್ಟಿನಲ್ಲಿ ಪಕ್ಷಕಾರನೇ ಅಲ್ಲ. ಸಮನ್ಸ್‌ಗೆ ಮೊದಲು ಪ್ರಶ್ನೆ ಕೇಳುವ, ಹೆಸರು ತಿದ್ದಿಸುವ, ಸರಿಯಾದ ಕಲಮಿನಲ್ಲಿ ಸಂಜ್ಞಾನ ತೆಗೆದುಕೊಳ್ಳುವ ಅಧಿಕಾರವೆಲ್ಲ ಮ್ಯಾಜಿಸ್ಟ್ರೇಟರಲ್ಲಿದೆ. ತಾಲೂಕು ಕೋರ್ಟಿನ ಮೇಲೆ ಹೊರೆ ವಿಪರೀತ ಎಂಬುದೂ ನಿಜ. ಆದರೆ ಮೊದಲ ದಿನ ಅರ್ಧ ಗಂಟೆ ಕೊಟ್ಟು ಇವನ್ನು ನೋಡಿದರೆ ಮುಂದಿನ ವರ್ಷಗಳ ಹೊರೆ ಇಳಿಯುತ್ತದೆ; ಕಲಬುರಗಿ ಪೀಠಕ್ಕೆ ಹೋಗಿ ತಡೆಯಾಜ್ಞೆ ತರುವ ಅವಕಾಶವೂ ಕಡಿಮೆಯಾಗುತ್ತದೆ.

ಇದೇ ಬಗೆಯ ಇನ್ನೊಂದು ತಪ್ಪನ್ನು ತುಂಗಭದ್ರೆಯ ದಂಡೆ ಕಂಡಿದೆ. ರಾಣೆಬೆನ್ನೂರಿನ ಉಪವಿಭಾಗೀಯ ದಂಡಾಧಿಕಾರಿ ಸಾರ್ವಜನಿಕ ಉಪದ್ರವ ತಡೆಯುವ, ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನಲ್ಲಿ ಕ್ರಮಕ್ಕೆ ಮುಂದಾದಾಗ ಹರಿಹರ ಪಾಲಿಫೈಬರ್ಸ್ ಹೈಕೋರ್ಟಿಗೆ ಹೋಯಿತು. ಮಾಲಿನ್ಯಕ್ಕೆಂದೇ ವಿಶೇಷ ಕಾಯ್ದೆಗಳು ಬಂದ ಮೇಲೆ 133ನೇ ಕಲಮಿಗೆ ಅಲ್ಲಿ ಜಾಗವಿಲ್ಲ ಎಂದು 1997ರಲ್ಲಿ ತೀರ್ಮಾನವಾಯಿತು. ಕೇರಳ, ಆಂಧ್ರದ ಹೈಕೋರ್ಟುಗಳಲ್ಲೂ ಇಂಥದೇ ಅಭಿಪ್ರಾಯ ಬಂದಿತ್ತು. 2003ರಲ್ಲಿ ಕೇಡಿಯಾ ಲೆದರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಿದ್ದಿ, ಎರಡೂ ದಾರಿ ಒಟ್ಟಿಗೆ ಇರಬಹುದು, ಒಂದು ಇನ್ನೊಂದನ್ನು ನುಂಗುವುದಿಲ್ಲ ಎಂದಿತು. ಇಂಡಿಯ ಉಪವಿಭಾಗಾಧಿಕಾರಿಯ ಕಚೇರಿಗೆ ಹಳ್ಳದ ಅರ್ಜಿ ಕೊಟ್ಟಾಗ, ಇದು ಮಾಲಿನ್ಯ ಮಂಡಳಿಯ ವಿಷಯ ಎಂದು ಯಾರಾದರೂ ತಿರುಗಿ ಕಳಿಸಿದರೆ ಈ ತೀರ್ಪನ್ನು ನೆನಪಿಸಬಹುದು.

ಇಷ್ಟೆಲ್ಲ ಹೇಳುವುದು ಈಗ ವ್ಯರ್ಥ, ಕಾನೂನೇ ಬದಲಾಗಿದೆ ಎಂಬುದು ಕೊನೆಯ ಆಕ್ಷೇಪ. 2024ರ ಫೆಬ್ರುವರಿಯಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿ ಜಲ ಕಾಯ್ದೆಯ ಹೆಚ್ಚಿನ ಅಪರಾಧಗಳಿಂದ ಸೆರೆವಾಸ ತೆಗೆದು ಹತ್ತು ಸಾವಿರದಿಂದ ಹದಿನೈದು ಲಕ್ಷ ರೂಪಾಯಿವರೆಗಿನ ದಂಡ ಇಟ್ಟಿತು. ದಂಡ ವಿಧಿಸುವವನು ನ್ಯಾಯಾಧೀಶನಲ್ಲ, ಸರ್ಕಾರ ನೇಮಿಸಿದ ಅಧಿಕಾರಿ. ನೀರು ರಾಜ್ಯಪಟ್ಟಿಯ ವಿಷಯವಾದ್ದರಿಂದ ತಿದ್ದುಪಡಿ ಮೊದಲು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಅನ್ವಯಿಸಿತು. ಉಳಿದ ರಾಜ್ಯಗಳಿಗೆ ಅದು ಬರಬೇಕಾದರೆ ಅವುಗಳ ವಿಧಾನಮಂಡಲಗಳು ನಿರ್ಣಯ ಮಾಡಬೇಕು. ಕೋರ್ಟಿನಲ್ಲಿ ಮೊಕದ್ದಮೆ ನಿಲ್ಲುವುದೇ ಇಲ್ಲವಾದ್ದರಿಂದ ದಂಡವೇ ವಾಸಿ ಎಂಬ ವಾದ ಈ ತಿದ್ದುಪಡಿಯ ಬೆನ್ನಿಗಿದೆ. ಮೊಕದ್ದಮೆ ಏಕೆ ನಿಲ್ಲಲಿಲ್ಲ ಎಂಬುದನ್ನು ಮೇಲೆ ನೋಡಿದೆವು. ಅದನ್ನು ತಿದ್ದುವುದು ಬಿಟ್ಟು ಅಪರಾಧವನ್ನೇ ತೆಗೆದದ್ದು ನನಗೆ ಒಪ್ಪಿಗೆಯಿಲ್ಲ. ಲಕ್ಷಗಟ್ಟಲೆ ಟನ್ ಕಬ್ಬು ನುರಿಸುವ ಉದ್ಯಮಕ್ಕೆ ಹದಿನೈದು ಲಕ್ಷ ಒಂದು ಖರ್ಚಿನ ಬಾಬತ್ತು ಅಷ್ಟೇ. ಆದರೂ ಸಮ್ಮತಿಯಿಲ್ಲದೆ ಘಟಕ ನಡೆಸುವ ಅಪರಾಧಕ್ಕೆ ಆ ತಿದ್ದುಪಡಿಯೂ ಸೆರೆವಾಸವನ್ನು ಉಳಿಸಿಕೊಂಡಿದೆ. ಅಂದರೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಬಾಗಿಲು ಮುಚ್ಚಿಲ್ಲ. ಜೊತೆಗೆ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಂ, ಖಾಸಗಿ ದೂರಿನಲ್ಲಿ ಸಂಜ್ಞಾನ ತೆಗೆದುಕೊಳ್ಳುವ ಮೊದಲೇ ಆರೋಪಿಯ ಮಾತು ಕೇಳಬೇಕೆನ್ನುತ್ತದೆ. ಆರೋಪಿಯ ಹಕ್ಕಿನ ದೃಷ್ಟಿಯಿಂದ ಇದು ಸರಿ. ಆದರೆ ಆ ಹಂತವನ್ನೇ ಒಂದು ಪುಟ್ಟ ವಿಚಾರಣೆಯಾಗಿ ಬೆಳೆಸಿದರೆ ಹೆಸರು, ಕಲಂ, ಅನುಮತಿಯ ಹಳೆಯ ತಕರಾರುಗಳಿಗೆಲ್ಲ ಹೊಸ ವೇದಿಕೆ ಸಿಕ್ಕಂತಾಗುತ್ತದೆ.

ಮಂಡಳಿ ಕದಲದಿದ್ದಾಗ ಊರಿನವರೇ ದೂರು ಹೂಡುವ ದಾರಿಯನ್ನು 49ನೇ ಕಲಂ ಇಟ್ಟಿದೆ. ಅರವತ್ತು ದಿನ ಮೊದಲು ಮಂಡಳಿಗೆ ನೋಟಿಸು ಕೊಟ್ಟಿರಬೇಕು. ಹಂಗಾಮು ಶುರುವಾಗಿ ಹಳ್ಳದ ನೀರು ಕಪ್ಪಾಗಿ, ಅದನ್ನು ಕಂಡು ಜನವರಿಯಲ್ಲಿ ನೋಟಿಸು ಕೊಟ್ಟರೆ ಅವಧಿ ಮುಗಿಯುವ ಹೊತ್ತಿಗೆ ಮಾರ್ಚ್, ಕಾರ್ಖಾನೆಯ ಗಾಣ ನಿಲ್ಲುವ ಸಮಯ. ರೈತ ತಾನೇ ಬಾಟಲಿಯಲ್ಲಿ ತುಂಬಿಕೊಂಡ ನೀರು 21ನೇ ಕಲಮಿನ ಮಾದರಿಯಾಗುವುದಿಲ್ಲ. ಹಾಗಾಗಿ ನೋಟಿಸಿನಲ್ಲೇ ತಾರೀಖು, ಜಾಗ, ಕೊಳವೆಯ ಬಾಯಿ ಎಲ್ಲವನ್ನೂ ಬರೆದು, ಕಾನೂನುಬದ್ಧ ಮಾದರಿಯನ್ನು ಈ ವಾರವೇ ತೆಗೆಯಿರಿ ಎಂದು ಮಂಡಳಿಯ ವಿಜಯಪುರ ಕಚೇರಿಯನ್ನು ಕೇಳಬೇಕು. ಹಾಗೆ ದೂರು ಹೂಡಿದವನು ಕೇಳಿದರೆ ತನ್ನಲ್ಲಿರುವ ವರದಿಗಳನ್ನು ಕೊಡುವ ಹೊಣೆಯನ್ನು ಅದೇ ಕಲಂ ಮಂಡಳಿಗೆ ಹಾಕಿದೆ. ಸಾರ್ವಜನಿಕ ಹಿತಕ್ಕೆ ವಿರುದ್ಧ ಎಂದು ತೋರಿದರೆ ಮಾತ್ರ ನಿರಾಕರಿಸಬಹುದು. ನಿರಾಕರಿಸಿದರೆ ಆ ಉತ್ತರವನ್ನೂ ದೂರಿನ ಜೊತೆ ಲಗತ್ತಿಸಿ ಮ್ಯಾಜಿಸ್ಟ್ರೇಟರ ಮುಂದೆ ಇಡಬೇಕು, ಮಂಡಳಿಯ ಕಡತವನ್ನು ತರಿಸಿ ಎಂದು ಮೊದಲ ವಾಯಿದೆಯಲ್ಲೇ ಅರ್ಜಿ ಕೊಡಬೇಕು.